ಎರಡು ಹಗ್ಗದ ದೋಣಿ

ಚಾವಡಿಯ ಹಗ್ಗ ಬಿದ್ದ ವಸ್ತು ಅಲುಗಬಾರದು. ಇದು ನಮ್ಮ ಮೂಡಣದೂರಿನ ಕಟ್ಟಳೆ. ಹಸುವಿಗಾಗಿ ಇಬ್ಬರು ಜಗಳವಾಡಿದರೆ ಚಾವಡಿಯ ಹಗ್ಗದವನು ಬಂದು ಹಸುವಿನ ಮೇಲೆ ಹಗ್ಗ ಎಸೆಯುತ್ತಾನೆ. ತೀರ್ಪು ಬರುವವರೆಗೆ ಹಸು ನಿಂತಲ್ಲೇ ನಿಲ್ಲಬೇಕು. ಮರಕ್ಕಾಗಿ ಜಗಳವಾದರೆ ಹಗ್ಗ ಮರದ ಮೇಲೆ. ಮರ ಹೇಗೂ ನಿಂತಲ್ಲೇ ನಿಲ್ಲುತ್ತದಲ್ಲ ಅನ್ನಬೇಡಿ. ಹಗ್ಗ ಬಿದ್ದ ಮಾವಿನಮರದಿಂದ ಉದುರಿದ ಹಣ್ಣನ್ನು ಎತ್ತಿಕೊಂಡು ಮತ್ತೆ ಕೊಂಬೆಗೆ ಕಟ್ಟಿ ಬಂದವರನ್ನು ನಾನೇ ನೋಡಿದ್ದೇನೆ. ನಮ್ಮೂರಿನವರು ಅಷ್ಟು ನೇಮದವರು.

ಹೊಳೆಯ ಆಚೆ ಪಡುವಣದೂರು. ಅಲ್ಲೂ ಒಂದು ಚಾವಡಿ, ಅಲ್ಲೂ ಒಬ್ಬ ನ್ಯಾಯಸ್ಥ, ಅಲ್ಲೂ ಒಬ್ಬ ಹಗ್ಗದವ. ನಮ್ಮ ಹಗ್ಗ ಪುಂಡಿನಾರಿನದು, ಅವರದು ತೆಂಗಿನ ನಾರಿನದು. ಅದು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಆದರೆ ಆ ಮಾತನ್ನು ಎರಡೂ ಊರಿನಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ನಡುವೆ ಹೊಳೆ. ಅದನ್ನು ಈಜಿ ದಾಟಿದವರಿಲ್ಲ. ಈ ದಡದ ಕೂಗು ನಡುಹೊಳೆಯವರೆಗೆ ಹೋಗಿ ಅಲ್ಲೇ ಮುಳುಗುತ್ತದೆ, ಆ ದಡದ ಕೂಗೂ ಅಷ್ಟೇ. ಎರಡೂರಿಗೂ ಸೇರಿ ಇದ್ದದ್ದು ಒಂದೇ ದೋಣಿ. ಅದನ್ನು ನಡೆಸುತ್ತಿದ್ದವಳು ಅಂಬಿಗಿತ್ತಿ. ಅವಳು ನಮ್ಮ ದಡದವಳು. ಗಂಡ ಆ ದಡದವನು. ಮದುವೆಯಾಗಿ ಈ ದಡಕ್ಕೆ ಬಂದು ದೋಣಿ ನಡೆಸುತ್ತಿದ್ದವನು ಒಂದು ದಿನ ನಡುಹೊಳೆಯಲ್ಲಿ ಹುಟ್ಟು ಹಾಕುತ್ತಲೇ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅಂದಿನಿಂದ ಹುಟ್ಟು ಅವಳ ಕೈಗೆ ಬಂತು. ಒಬ್ಬಳೇ ಮಗಳು. ಬೆಳಿಗ್ಗೆ ಎದ್ದು ಆ ಹುಡುಗಿಗೆ ಎರಡು ಜಡೆ ಹಾಕಿ ದೋಣಿ ಬಿಚ್ಚುವುದು ಅವಳ ದಿನದ ಪದ್ಧತಿ.

ಸತ್ತವನ ತಮ್ಮ, ಅಂದರೆ ಅವಳ ಮೈದುನ, ಪಡುವಣದೂರಿನಲ್ಲಿದ್ದ. ಅಣ್ಣನ ದೋಣಿ ತನಗೆ ಬರಬೇಕು ಅಂತ ಅವನ ವಾದ. ಅತ್ತಿಗೆ ಕೊಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಅವಳು ದೋಣಿಗೆ ಹೋಗುವ ದಾರಿಯಲ್ಲಿ ನಮ್ಮ ಚಾವಡಿಯ ಮೆಟ್ಟಿಲು ಹತ್ತಿ ದೂರು ಹೇಳಿದಳು. ಅದೇ ಬೆಳಿಗ್ಗೆ ಅವನು ತನ್ನೂರಿನ ಚಾವಡಿಯ ಮೆಟ್ಟಿಲು ಹತ್ತಿ ದೂರು ಹೇಳಿದ.

ಅವತ್ತು ಅವಳಿಗೆ ಹೊತ್ತಾಗಿತ್ತು. ಮಗಳಿಗೆ ಒಂದೇ ಜಡೆ ಹಾಕಿದ್ದಳು.

"ಅವ್ವಾ, ಇನ್ನೊಂದು?"

"ಬಂದು ಹಾಕ್ತೀನಿ ಕಣೇ. ಆಚೆ ದಡದಲ್ಲಿ ಜನ ಕಾಯ್ತಾ ಅವ್ರೆ."

ಹೋದಳು. ಜನರನ್ನು ಅತ್ತ ಇಳಿಸಿ ಖಾಲಿ ದೋಣಿ ತಿರುಗಿಸಿಕೊಂಡು ಬರುತ್ತಿದ್ದಳು. ನಡುಹೊಳೆಗೆ ಬಂದಾಗ ನಮ್ಮ ಹಗ್ಗದವನು ಈ ದಡದಿಂದ ಹಗ್ಗ ಎಸೆದ. ಅಷ್ಟು ದೂರ ಎಸೆಯೋಕೆ ಆಗುತ್ತಾ ಅಂತ ಕೇಳಬೇಡಿ, ನಮ್ಮೂರಿನಲ್ಲಿ ಆಗುತ್ತದೆ. ಕುಣಿಕೆ ಹೋಗಿ ದೋಣಿಯ ಮೂತಿಗೆ ಬಿತ್ತು. ಆ ದಡದಿಂದ ಬಂದ ಕುಣಿಕೆ ಹಿಂಬದಿಗೆ ಬಿತ್ತು. ಎರಡೂ ಹಗ್ಗ ಬಿಗಿಯಾದವು. ದೋಣಿ ಒಮ್ಮೆ ನಡುಗಿ ನಿಂತಿತು.

ಯಾರ ಹಗ್ಗ ಮೊದಲು ಬಿತ್ತೋ ಅವರ ಚಾವಡಿಯೇ ತೀರ್ಪು ಕೊಡಬೇಕು, ಇನ್ನೊಂದು ಚಾವಡಿ ತನ್ನ ಹಗ್ಗ ಬಿಚ್ಚಿಕೊಳ್ಳಬೇಕು. ಅಜ್ಜನ ಕಾಲದಿಂದ ಎರಡೂರಿನವರೂ ಒಪ್ಪಿದ ಮಾತು ಇದು. ನಮ್ಮ ಹಗ್ಗದವನು ದೇವರ ಮುಂದೆ ಕರ್ಪೂರ ಹಚ್ಚಿ ತನ್ನದೇ ಮೊದಲು ಅಂದ. ಅವರ ಹಗ್ಗದವನೂ ಕರ್ಪೂರ ಹಚ್ಚಿದನಂತೆ. ಉಳಿದ ಸಾಕ್ಷಿ ಒಬ್ಬಳೇ, ದೋಣಿಯಲ್ಲಿದ್ದವಳು.

"ಯಾವುದು ಮೊದಲು ಬಿತ್ತಮ್ಮಾ?" ಅಂತ ನಮ್ಮ ಚಾವಡಿಯ ಡಂಗುರ ಸಾರುವವನು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ.

"ಎರಡೂ ಒಟ್ಟಿಗೇ ಬಿದ್ದವು ಸ್ವಾಮೀ!" ಅಂತ ಅವಳ ಕೂಗು ಬಂತು. ದೋಣಿಯವರ ಗಂಟಲು ನೋಡಿ, ನಡುಹೊಳೆಯಿಂದ ಎರಡೂ ದಡಕ್ಕೆ ಮುಟ್ಟುವ ಗಂಟಲು ಅವಳೊಬ್ಬಳದೇ.

ಹಾರಿಕೆಯ ಉತ್ತರ ಅಂತ ಎರಡೂ ಚಾವಡಿಯಲ್ಲಿ ತೀರ್ಮಾನವಾಯಿತು.

ಹಗ್ಗ ಬಿದ್ದ ವಸ್ತುವಿನ ಅಂಗವೊಂದನ್ನು ಚಾವಡಿಯಲ್ಲಿ ಇಡಬೇಕು, ಅದೂ ಕಟ್ಟಳೆಯೇ. ಹಸುವಾದರೆ ಕೊರಳ ಗಂಟೆ, ಮರವಾದರೆ ಒಂದು ರೆಂಬೆ. ಅವಳು ಒಂದು ಹುಟ್ಟನ್ನು ನಮ್ಮ ಹಗ್ಗಕ್ಕೆ ಕಟ್ಟಿದಳು, ಇನ್ನೊಂದನ್ನು ಅವರ ಹಗ್ಗಕ್ಕೆ. ಎರಡೂ ದಡದವರು ಎಳೆದುಕೊಂಡರು. ನಮ್ಮ ಹುಟ್ಟನ್ನು ಚಾವಡಿಯ ಗೋಡೆಗೆ ನೇತುಹಾಕಿ ಅರಿಶಿನ ಕುಂಕುಮ ಹಚ್ಚಿದೆವು.

"ಸ್ವಾಮೀ, ನಾನು ಇಳೀಬೋದಾ? ಮಗಳು ಕಾಯ್ತಾ ಅವ್ಳೆ."

ನಮ್ಮ ನ್ಯಾಯಸ್ಥರು ಒಳ್ಳೆಯವರು. ಯೋಚನೆ ಮಾಡಿ, ಮೂಡಣ ದಡಕ್ಕೆ ಇಳಿಯಬಹುದು, ಪಡುವಣ ದಡಕ್ಕೆ ಮಾತ್ರ ಕಾಲಿಡಕೂಡದು ಅಂದರು. ಪಡುವಣ ನ್ಯಾಯಸ್ಥರೂ ಒಳ್ಳೆಯವರೇ ಇರಬೇಕು. ಪಡುವಣ ದಡಕ್ಕೆ ಇಳಿಯಬಹುದು, ಮೂಡಣ ದಡಕ್ಕೆ ಕಾಲಿಟ್ಟರೆ ಅಪರಾಧ ಅಂದರು. ಅವಳು ಕೂತಲ್ಲೇ ಕೂತಳು.

ಊಟ ಕಳಿಸಬೇಕಲ್ಲ. ಸೋರೆಬುರುಡೆಯಲ್ಲಿ ಮುದ್ದೆ ಸಾರು ಇಟ್ಟು ನಮ್ಮ ಹಗ್ಗದ ಗುಂಟ ತೇಲಿಬಿಟ್ಟೆವು. ಅವರು ರೊಟ್ಟಿ ಪಲ್ಯ ತೇಲಿಬಿಟ್ಟರು. ಆಗ ಯಾರೋ ಬುದ್ಧಿವಂತರು ಒಂದು ಸೂಕ್ಷ್ಮ ತೆಗೆದರು: ನಮ್ಮ ಮುದ್ದೆ ಉಂಡರೆ ನಮ್ಮ ಚಾವಡಿಯನ್ನು ಒಪ್ಪಿಕೊಂಡ ಹಾಗಲ್ಲವೇ? ಆ ದಡದಲ್ಲೂ ಅದೇ ಸೂಕ್ಷ್ಮ ಹೊಳೆಯಿತು. ರೊಟ್ಟಿ ಮುರಿದರೆ ಅವರನ್ನು ಒಪ್ಪಿಕೊಂಡಂತೆ. ಅವಳು ಏನು ಮಾಡಿದಳು ಗೊತ್ತೆ? ರೊಟ್ಟಿಯ ಚೂರಿನಲ್ಲಿ ಮುದ್ದೆಯ ಚೂರು ಸುತ್ತಿ ಎರಡನ್ನೂ ಒಂದೇ ತುತ್ತಾಗಿ ನುಂಗಿದಳು. ಯಾವುದು ಮೊದಲು ಗಂಟಲಿಗಿಳಿಯಿತು ಅಂತ ಸ್ವಲ್ಪ ದಿನ ಚರ್ಚೆಯಾಯಿತು, ಆಮೇಲೆ ಬಿಟ್ಟರು.

ಇನ್ನು ವಿಚಾರಣೆ. ದೋಣಿಯ ಮರ ಕಡಿದದ್ದು ಪಡುವಣ ಕಾಡಿನಲ್ಲಿ, ಆದ್ದರಿಂದ ವ್ಯಾಜ್ಯ ನಮ್ಮದು ಅಂತ ಅವರು. ಹಲಗೆ ಜೋಡಿಸಿ ಅರಗು ಮೆತ್ತಿದ್ದು ನಮ್ಮ ದಡದಲ್ಲಿ, ಆದ್ದರಿಂದ ನಮ್ಮದು ಅಂತ ನಾವು. ಸತ್ತವನು ಹುಟ್ಟಿದ್ದು ಅಲ್ಲಿ. ಬಾಳಿದ್ದು ಇಲ್ಲಿ. ಸತ್ತದ್ದು ನಡುಹೊಳೆಯಲ್ಲಿ, ಆ ನೀರು ಎಂದೋ ಹರಿದುಹೋಯಿತು. ಈ ಮಾತುಗಳು ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಬೇಕಾದರೆ ದೋಣಿ ಬೇಕು. ಇದ್ದ ಒಂದು ದೋಣಿಯೋ ಹಗ್ಗದಲ್ಲಿತ್ತು. ಹಾಗಾಗಿ ನಮ್ಮ ಸಾರುವವನು ಡಂಗುರ ಬಡಿದು ನಡುಹೊಳೆಗೆ ಕೂಗುತ್ತಿದ್ದ. ಅವಳು ಕೇಳಿಸಿಕೊಂಡು, ಎದ್ದು ನಿಂತು, ಆ ಕಡೆಗೆ ತಿರುಗಿ ಅದನ್ನೇ ಕೂಗುತ್ತಿದ್ದಳು. ಅವರು ಹೇಳಿದ್ದನ್ನು ಈ ಕಡೆಗೆ ತಿರುಗಿ ಕೂಗುತ್ತಿದ್ದಳು.

"ಪಡುವಣ ಚಾವಡಿ ತಿಳಿಸುವುದೇನೆಂದರೆ! ದೋಣಿಯಲ್ಲಿರುವ ಹೆಂಗಸು ಮೂಡಣ ಚಾವಡಿಯ ಮುಂದೆ ಬಾಯಿ ಬಿಡಕೂಡದು!"

ಬಾಯಿ ಬಿಡಕೂಡದು ಅಂತ ಅವಳೇ ಬಾಯಿ ಬಿಟ್ಟು ಹೇಳಿದಳು. ನಮ್ಮ ಚಾವಡಿಗೆ ಕೋಪ ಬಂತು.

"ಮೂಡಣ ಚಾವಡಿ ತಿಳಿಸುವುದೇನೆಂದರೆ! ಮೂಡಣದ ಹೆಂಗಸಿಗೆ ಬಾಯಿ ಬಿಡಬೇಡ ಅನ್ನಲು ಪಡುವಣ ಚಾವಡಿ ಬಾಯಿ ಬಿಡಕೂಡದು!"

ಅದನ್ನೂ ಅವಳೇ ಹೇಳಿದಳು. ಗಂಟಲು ಕಟ್ಟಿದ ದಿನ ಹೊಳೆಯ ನೀರು ಕುಡಿದು ಹೇಳಿದಳು.

ಹೀಗೆ ಒಂದು ಬೇಸಿಗೆ ಕಳೆಯಿತು. ಒಂದು ಬೆಳಿಗ್ಗೆ ನಮ್ಮ ಸಾರುವವನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು.

"ಸ್ವಾಮೀ, ನನ್ನ ಮಾತು ಒಂದೈತೆ! ದೋಣಿ ನನಗೆ ಬೇಡ! ನನ್ನ ಮೈದುನನಿಗೇ ಬಿಟ್ಟುಕೊಟ್ಟೆ! ನನ್ನನ್ನ ದಡಕ್ಕೆ ಎಳ್ಕಳಿ, ಸಾಕು!"

ಮಗಳು ನೀರಿಗೆ ಇಳಿದೇಬಿಟ್ಟಿದ್ದಳು, ಯಾರೋ ಹಿಡಿದುಕೊಂಡರು. ನ್ಯಾಯಸ್ಥರು ಚಾವಡಿಯಿಂದ ಹೊರಗೆ ಬಂದು ಬಹಳ ಮೃದುವಾಗಿ ಹೇಳಿದರು:

"ನೋಡಮ್ಮಾ, ದೋಣಿ ಯಾರದು ಅನ್ನೋದು ಈಗ ಪ್ರಶ್ನೆ ಅಲ್ಲ. ದೋಣಿ ಯಾರದು ಅಂತ ಹೇಳುವ ಹಕ್ಕು ಯಾರದು ಅನ್ನೋದು ಪ್ರಶ್ನೆ. ಅದರಲ್ಲಿ ನಿನಗೇನೂ ಸಂಬಂಧವಿಲ್ಲ."

ಸಾರುವವನು ಅದನ್ನು ಕೂಗಿದ. ಆಮೇಲೆ ಆ ಕಡೆಯಿಂದ ಏನೋ ಕೂಗು ಬಂದಿರಬೇಕು, ಅವಳು ಅತ್ತ ತಿರುಗಿ ಕೇಳಿಸಿಕೊಂಡು ನಮ್ಮತ್ತ ತಿರುಗಿದಳು.

"ಪಡುವಣ ಚಾವಡಿ ತಿಳಿಸುವುದೇನೆಂದರೆ! ನನ್ನ ಮೈದುನ ಬಂದು ದಾವೆ ಬೇಡ ಅಂದನಂತೆ! ದೋಣಿ ಅತ್ತಿಗೇದೇ ಆಗಲಿ ಅಂದನಂತೆ! ನಿನಗೇನೂ ಸಂಬಂಧವಿಲ್ಲ ಅಂತ ಚಾವಡಿ ಅವನನ್ನ ಕಳಿಸಿತಂತೆ!"

ಎರಡೂ ಚಾವಡಿಯ ಮಾತು ಕೂಡಿದ್ದು ಅದೊಂದೇ ಸಲ. ನಮಗೆ ಸಂತೋಷವೇ ಆಯಿತು.

ಅವತ್ತಿನಿಂದ ಇನ್ನೊಂದು ಕಟ್ಟಳೆ ಬಂತು. ಚಾವಡಿಯ ಮಾತು ಹೊರುವ ಬಾಯಿಯಲ್ಲಿ ಸ್ವಂತ ಮಾತು ಬೆರೆಯಬಾರದು. ಅವಳು ಒಪ್ಪಿದಳು, ಒಪ್ಪದೆ ಏನು ಮಾಡುತ್ತಾಳೆ? ಸ್ವಂತ ಮಾತು ಬೆರೆಸಿದರೆ ಊಟದ ಬುರುಡೆ ನಿಲ್ಲುತ್ತಿತ್ತು. ಆಮೇಲೆ ನಾವು ಅವಳ ಗಂಟಲನ್ನು ದಿನವೂ ಕೇಳಿದೆವು, ಅವಳ ಮಾತನ್ನು ಕೇಳಲಿಲ್ಲ.

ಮಗಳು ಮಾತ್ರ ದಿನವೂ ಬಂದು ದೋಣಿ ನಿಲ್ಲುವ ಕಡವಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ಹಾಕಿದ್ದ ಜಡೆ ಸಡಿಲವಾದಾಗ ತಾನೇ ಬಿಚ್ಚಿ ಹೆಣೆದುಕೊಳ್ಳುತ್ತಿದ್ದಳು, ಇನ್ನೊಂದು ಕಡೆಯನ್ನು ಮುಟ್ಟುತ್ತಿರಲಿಲ್ಲ. "ಏನೇ ಇದು, ಅರ್ಧ ಮದುಮಗಳು, ಅರ್ಧ ಮಾರಿ!" ಅಂತ ಹೆಂಗಸರು ಛೇಡಿಸುತ್ತಿದ್ದರು. "ಬಾ ಇಲ್ಲಿ, ನಾನು ಹಾಕಿಕೊಡ್ತೀನಿ" ಅಂತ ಕರೆದರೆ ತಲೆ ಕೊಡವಿ ದೂರ ಹೋಗುತ್ತಿದ್ದಳು.

"ಅವ್ವ ಬಂದು ಹಾಕ್ತೀನಿ ಅಂದವ್ಳೆ."

ಅವಳಿಗೆ ಚಾವಡಿಯ ಮಾತು ಬೇಕಿರಲಿಲ್ಲ. ಪಡುವಣ ಚಾವಡಿ ತಿಳಿಸುವುದೇನೆಂದರೆ ಅನ್ನುವ ದನಿಯಲ್ಲಿ ಅವ್ವನಿಗೆ ನೆಗಡಿಯಾಗಿದೆಯೋ, ರಾತ್ರಿ ನಿದ್ದೆ ಬಂತೋ ಇಲ್ಲವೋ, ಅಷ್ಟನ್ನು ಕೇಳಿಕೊಂಡು ಎದ್ದು ಹೋಗುತ್ತಿದ್ದಳು. "ಇವತ್ತು ಅವ್ವ ಉಂಡಿಲ್ಲ" ಅಂತ ಒಮ್ಮೆ ಅಂದಳು. ನೋಡಿದರೆ ನಮ್ಮ ಬುರುಡೆ ಹಾಗೇ ವಾಪಸು ಬಂದಿತ್ತು.

ವರ್ಷಗಳು ಹೋದವು. ದೋಣಿಯ ಹಲಗೆಗೆ ಪಾಚಿ ಕಟ್ಟಿತು. ಅವಳ ತಲೆ ಬೆಳ್ಳಗಾದದ್ದು ದಡದಿಂದಲೇ ಕಾಣುತ್ತಿತ್ತು. ಮಗಳು ಚಾವಡಿಯ ಗೋಡೆಯ ಮೇಲಿನ ಹುಟ್ಟಿಗಿಂತ ಎತ್ತರವಾದಳು. ಆ ಊರಿಗೂ ನಮ್ಮೂರಿಗೂ ಹೋಗಿಬರುವುದು ನಿಂತೇಹೋಗಿ, ಕೊಟ್ಟ ಹೆಣ್ಣುಮಕ್ಕಳು ಅಲ್ಲೇ ಉಳಿದರು, ತಂದ ಸೊಸೆಯರು ಇಲ್ಲೇ ಉಳಿದರು. ಯಾರೂ ಗೊಣಗಲಿಲ್ಲ. ಹೊಸ ದೋಣಿ ಕಟ್ಟೋಣ ಅಂತ ಒಬ್ಬ ಬಡಗಿ ಬಾಯಿ ಹಾಕಿದ್ದ. ವ್ಯಾಜ್ಯ ಇರುವಾಗ ಇನ್ನೊಂದು ದೋಣಿ ಕಟ್ಟಿದರೆ ಚಾವಡಿಗೆ ಅವಮಾನ ಅಂತ ನಾವೇ ಅವನ ಬಾಯಿ ಮುಚ್ಚಿಸಿದೆವು.

ಆಮೇಲೆ ಆ ಮಳೆಗಾಲ ಬಂತು. ಮೇಲಿನ ಸೀಮೆಯಲ್ಲಿ ಏನಾಯಿತೋ, ಹೊಳೆ ಕೆಂಪಗೆ ಏರಿತು. ಬೇರು ಸಮೇತ ಮರಗಳು ತೇಲಿಬಂದವು. ಎರಡು ಹಗ್ಗವೂ ತಂತಿಯ ಹಾಗೆ ಬಿಗಿದುಕೊಂಡು ಗುಂಯ್ ಅನ್ನತೊಡಗಿದವು. ಪುಂಡಿನಾರು ಒಂದೊಂದೇ ಎಳೆ ಬಿಡುತ್ತಿತ್ತು.

ಅವತ್ತು ನಮ್ಮ ನ್ಯಾಯಸ್ಥರು ತುಂಬ ಹೊತ್ತು ಕಣ್ಣುಮುಚ್ಚಿ ಕೂತಿದ್ದು ಒಂದು ದೊಡ್ಡ ನಿರ್ಧಾರ ಮಾಡಿದರು. ಒಂದು ಚಾವಡಿ ಇನ್ನೊಂದು ಚಾವಡಿಯನ್ನು ಗೌರವಿಸಬೇಕು. ಎಲ್ಲ ಕೂಡಿಸಿ ಕಳೆದು ನೋಡಿದರೆ ಈ ವ್ಯಾಜ್ಯ ತೀರ್ಮಾನಿಸಲು ಪಡುವಣ ಚಾವಡಿಯೇ ತಕ್ಕ ಜಾಗ. ನಾವು ನಮ್ಮ ಹಗ್ಗ ಬಿಡುತ್ತೇವೆ. ತಮ್ಮ ಹಗ್ಗ ಕಡಿದುಹೋಗಿ ದೋಣಿ ಮುಳುಗಿದರೆ ಹೆಸರು ಕೆಡುತ್ತದೆ ಅಂತ ಕೈ ತೊಳೆದುಕೊಂಡರು ಅಂತ ಕೆಲವರು ಅಂತಾರೆ. ನಾವು ಹಾಗೆ ಅನ್ನುವುದಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು.

ಗೌರವವನ್ನು ಹೇಳಿ ಮಾಡಬಾರದು, ಮಾಡಿ ಹೇಳಬೇಕು ಅಂದರು. ಅದಕ್ಕೇ ಆಚೆ ದಡಕ್ಕೆ ಮೊದಲು ಏನೂ ತಿಳಿಸಲಿಲ್ಲ. ಮರುದಿನ ಬೆಳಿಗ್ಗೆ ಊರೆಲ್ಲ ಕಡವಿಗೆ ಬಂತು. ಡೊಳ್ಳು ಬಂತು, ಕೊಂಬು ಬಂತು. ಚಾವಡಿಯ ಗೋಡೆಯಿಂದ ಹುಟ್ಟನ್ನು ಇಳಿಸಿ ತಂದು ಮಣೆಯ ಮೇಲೆ ಇಟ್ಟು ಹೂ ಏರಿಸಿದರು. ಸಾರುವವನು ಎದೆಯುಬ್ಬಿಸಿ ಕೂಗಿದ: "ಮೂಡಣ ಚಾವಡಿ ತಿಳಿಸುವುದೇನೆಂದರೆ! ಪಡುವಣ ಚಾವಡಿಯ ಮೇಲಿನ ಗೌರವದಿಂದ ನಾವು ಹಗ್ಗ ಬಿಡುತ್ತಿದ್ದೇವೆ!"

ದೋಣಿಯಲ್ಲಿ ಅವಳು ಎದ್ದು ನಿಂತಿದ್ದಳು. ನಮ್ಮತ್ತ ನೋಡಿದಳು. ತಟ್ಟನೆ ಅತ್ತ ತಿರುಗಿದಳು, ಆ ದಡದಿಂದಲೂ ಏನೋ ಕೂಗು ಬಂದ ಹಾಗಿತ್ತು. ಮತ್ತೆ ನಮ್ಮತ್ತ ತಿರುಗಿದಳು. ಎರಡೂ ಕೈ ಮೇಲೆತ್ತಿ ಬೀಸಿದಳು. ಬಾಯಿ ತೆರೆದದ್ದು ಕಂಡಿತು. ಡೊಳ್ಳಿನ ಸದ್ದಿನಲ್ಲಿ ನಮಗೆ ಏನೂ ಕೇಳಲಿಲ್ಲ. ಕೃತಜ್ಞತೆ ಹೇಳುತ್ತಿದ್ದಾಳೆ ಅಂದುಕೊಂಡೆವು.

ಮಗಳಿಗೆ ಕೇಳಿತ್ತು.

"ನಿಲ್ಸ್ರೀ!" ಅಂತ ಚೀರಿದಳು. "ಬಿಡಬೇಡಿ ಅಂತಾವ್ಳೆ! ಅವರೂ ಬಿಡ್ತಾವ್ರಂತೆ!"

ಅಷ್ಟರಲ್ಲಿ ಹಗ್ಗದವನು ಗೂಟದಿಂದ ಹಗ್ಗ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಹೊಳೆಗೆ ಬಿಟ್ಟಾಗಿತ್ತು. ಆ ದಡದಲ್ಲೂ ತೆಂಗಿನ ನಾರಿನ ಹಗ್ಗ ಹಾವಿನ ಹಾಗೆ ನೀರಿಗಿಳಿಯುವುದು ಕಂಡಿತು. ಅವರೂ ಗೌರವಸ್ಥರೇ. ದೋಣಿ ಒಂದು ಸುತ್ತು ತಿರುಗಿತು, ಎರಡು ಹಗ್ಗವನ್ನೂ ಎಳೆದುಕೊಂಡು ಕೆಳಗೆ ಹೊರಟಿತು.

ಡೊಳ್ಳು ತಾನಾಗೇ ನಿಂತಿತು. ಮಗಳು ನ್ಯಾಯಸ್ಥರ ಮುಂದೆ ಬಂದು ನಿಂತಳು.

"ಸ್ವಾಮಿ, ನಮ್ಮವ್ವ ಹೋಗ್ತಾವ್ಳೆ."

"ಹೌದಮ್ಮಾ. ಆದರೆ ಅದನ್ನು ನೀನು ಪಡುವಣ ಚಾವಡಿಯಲ್ಲಿ ಕೇಳಬೇಕು. ಇನ್ನು ನಮಗೆ ಅಧಿಕಾರವಿಲ್ಲ."

"ಅಲ್ಲಿಗೆ ಹೆಂಗೆ ಹೋಗ್ಲಿ?"

ನ್ಯಾಯಸ್ಥರು ನಿಜವಾಗಿಯೂ ಯೋಚನೆ ಮಾಡಿದರು.

"ದೋಣಿಯಲ್ಲಿ" ಅಂದರು.

ಅವಳು ಅವರ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ಮಣೆಯ ಮೇಲಿದ್ದ ಹುಟ್ಟನ್ನು ಎತ್ತಿಕೊಂಡಳು. ಹೂವೆಲ್ಲ ಉದುರಿತು. ಹಗ್ಗದವನು ಹೋ ಅಂತ ಕೈ ಅಡ್ಡ ಹಿಡಿದ.

"ಬಿಡಪ್ಪಾ" ಅಂದರು ನ್ಯಾಯಸ್ಥರು. "ದೋಣಿಯೇ ನಮ್ಮದಲ್ಲದ ಮೇಲೆ ಹುಟ್ಟೂ ನಮ್ಮ ಅಧಿಕಾರದಲ್ಲಿಲ್ಲ."

ಕಟ್ಟಳೆಯ ಪ್ರಕಾರ ಅವರ ಮಾತು ಸರಿಯೇ. ನಾವೆಲ್ಲ ದಾರಿ ಬಿಟ್ಟೆವು. ಹುಟ್ಟನ್ನು ಹೆಗಲಿಗೇರಿಸಿಕೊಂಡು ಅವಳು ದಡದ ಗುಂಟ ಓಡತೊಡಗಿದಳು, ಒಂದು ಕಡೆ ಜಡೆ ಬೆನ್ನಿಗೆ ಬಡಿಯುತ್ತ, ಇನ್ನೊಂದು ಕಡೆ ಕೂದಲು ಗಾಳಿಗೆ ಹಾರುತ್ತ. ಆಚೆ ದಡದಲ್ಲೂ ಒಬ್ಬ ಓಡುತ್ತಿದ್ದ. ಚುಕ್ಕೆಯಷ್ಟು ಕಾಣುವ ಮುದುಕ, ಅವನ ಹೆಗಲ ಮೇಲೂ ಒಂದು ಹುಟ್ಟು. ದಾವೆ ಬೇಡ ಅಂದಿದ್ದ ಮೈದುನನೇ ಇರಬೇಕು, ಬೇರೆ ಯಾರಿಗೆ ಬೇಕಿತ್ತು? ಅವನು ಬೀಳುತ್ತಿದ್ದ, ಏಳುತ್ತಿದ್ದ, ಓಡುತ್ತಿದ್ದ. ನಡುವೆ ದೋಣಿ. ಮೂವರೂ ಕೆಳಗೆ ಕೆಳಗೆ ಹೋದರು.

ನಮ್ಮೂರಿನ ಎಲ್ಲೆಕಲ್ಲು ಹೊಳೆ ತಿರುಗುವ ಜಾಗದಲ್ಲಿದೆ. ಅಲ್ಲಿಂದಾಚೆಗೆ ಜೊಂಡು ಬೆಳೆದ ಜೌಗು, ಅದು ಯಾವ ಊರಿಗೂ ಸೇರಿದ್ದಲ್ಲ, ಯಾವ ಹಗ್ಗವೂ ಅಲ್ಲಿಗೆ ಮುಟ್ಟುವುದಿಲ್ಲ. ನಾವು ಎಲ್ಲೆಕಲ್ಲಿನವರೆಗೆ ಹೋಗಿ ನಿಂತೆವು. ಅವಳು ನಿಲ್ಲಲಿಲ್ಲ. ಕಲ್ಲು ಇರುವುದೇ ಕಾಣದವಳ ಹಾಗೆ ದಾಟಿ ಜೊಂಡಿನೊಳಗೆ ನುಗ್ಗಿದಳು.

ನಾವು ನಿಂತೇ ಇದ್ದೆವು. ನ್ಯಾಯಸ್ಥರೂ ಉಸಿರು ಬಿಡುತ್ತ ಬಂದು ಸೇರಿಕೊಂಡರು. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ಜೊಂಡಿನ ಕಡೆಯಿಂದ ಒಂದು ದನಿ ಬಂತು.

"ಅವ್ವಾ!"

ಯಾರೂ ಅಲುಗಲಿಲ್ಲ. ಹಗ್ಗದವನು ತನ್ನ ಬರಿಗೈಯನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ಆ ಗಂಟಲು ಕೇಳಿತು, ಎಷ್ಟೋ ವರ್ಷ ಎರಡು ಚಾವಡಿಯ ಮಾತನ್ನು ಹೊತ್ತ ಗಂಟಲು. ಅದರಲ್ಲಿ ತಿಳಿಸುವುದೇನೆಂದರೆ ಇರಲಿಲ್ಲ.

"ಬಾರೇ ಮಗಾ! ದೋಣಿ ಜೊಂಡಿಗೆ ಸಿಕ್ಕೈತೆ! ಹಂಗೇ ಹಿಡ್ಕೊಂಡು ಹತ್ತು! ಕೂತ್ಕೋ ಇಲ್ಲಿ, ಜಡೆ ಹಾಕ್ತೀನಿ!"

ನಮ್ಮ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನ್ಯಾಯಸ್ಥರು ಜೊಂಡಿನತ್ತ ನೋಡಿದರು, ನೆಲ ನೋಡಿದರು, ಎಲ್ಲೆಕಲ್ಲಿನ ಮೇಲೆ ಕೈಯಿಟ್ಟು ನಿಂತರು.

"ಏನಯ್ಯಾ ಅದು ಸದ್ದು?" ಅಂತ ಸಾರುವವನನ್ನು ಕೇಳಿದರು.

ಸಾರುವವನು ಮೂಗು ಒರೆಸಿಕೊಂಡ.

"ಕಲ್ಲಿನಿಂದ ಆಚೆಯದು ಸ್ವಾಮಿ" ಅಂದ. "ಅದು ನಮಗೆ ಕೇಳಿಸೋದಿಲ್ಲ."